ನೀರಿಗೆ ಹೋಗುವ ಬಣ್ಣ

ವಿಕ್ರಮ ಸಂವತ್ 2062, ಚೈತ್ರ 29. ಸಂಜೆ

ಬ್ರಶ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಿಟ್ಟೆ. ಬಳಸದಿದ್ದರೂ ದಿನಾ ತೊಳೆಯಬೇಕು, ಅಪ್ಪನ ಕಟ್ಟಳೆ. ಕೆಲಸ ಎಲ್ಲಿದೆ? ಕರ್ಫ್ಯೂ. ಕಾಠ್ಮಂಡುವಿನ ಬಸ್ಸಿಲ್ಲ, ಪೇಟೆಯ ಅಂಗಡಿಗಳೆಲ್ಲ ಮುಚ್ಚಿವೆ. ತೆರೆದಿರುವುದು ನಮ್ಮ ಮನೆಯ ಜಗಳ ಒಂದೇ.

ರಾಜರು ಸಂಸತ್ತನ್ನು ವಿಸರ್ಜಿಸಿ ನಾಲ್ಕು ವರ್ಷ ಆಗುತ್ತಾ ಬಂತು. ಹೋದ ವರ್ಷ ಮಂತ್ರಿಗಳನ್ನೂ ಮನೆಗೆ ಕಳಿಸಿ ತಾವೇ ಆಳುತ್ತಿದ್ದಾರೆ. ಸಂಸತ್ತು ವಾಪಸ್ ಕೊಡಿ ಎಂದು ಊರೆಲ್ಲ ಕೂಗುತ್ತಿದೆ. ಅಣ್ಣ ಬಿಪಿನ್ ದಿನಾ ಮೆರವಣಿಗೆಯಲ್ಲಿ. ಅಪ್ಪ ಗೋಡೆಯ ಮೇಲಿನ ರಾಜರ ಫೋಟೋದ ಧೂಳು ಒರೆಸುತ್ತಾನೆ.

"ರಾಜ ಕೆಳಗಿಳೀಲೇಬೇಕು," ಅಂದ ಅಣ್ಣ.

"ರಾಜ ಅಂತೆ! ನಿನ್ನ ಜೊತೆ ಗೋಲಿ ಆಡಿದವ್ರಾ? ಮಹಾರಾಜರು ಅನ್ನು."

"ಅಪ್ಪಾ, ಅವ್ರಿಗೆ ನಿಮ್ಮ ಹೆಸರೂ ಗೊತ್ತಿಲ್ಲ."

"ಅವ್ರಿಗೆ ನನ್ನ ಹೆಸರು ಯಾಕೆ ಬೇಕು? ಅವ್ರ ಹೆಸರು ನಾನು ಬರೀತೀನಿ. ನೀನು ತಿಂದ ಅನ್ನ ಅದೇ."

ಅದು ನಿಜ. ಈ ಊರಿನ ಸರ್ಕಾರಿ ಬೋರ್ಡುಗಳೆಲ್ಲ ಅಪ್ಪನ ಕೈಯವು. 'ಶ್ರೀ ೫ರ ಸರ್ಕಾರ'. ರಾಜರ ಹೆಸರಿಗೆ ಐದು ಶ್ರೀ; ಐದು ಸಲ ಬರೆಯುವಷ್ಟು ಜಾಗ ಯಾವ ಬೋರ್ಡಿನಲ್ಲೂ ಇಲ್ಲ, ಅದಕ್ಕೇ ಅಂಕಿ. ಅಪ್ಪನ ಹಾಗೆ ೫ ಬರೆಯುವವರು ಇನ್ನೊಬ್ಬರಿಲ್ಲ. ಒಂದೇ ಉಸಿರಿಗೆ ಎಳೆದುಬಿಡುತ್ತಾನೆ, ಹಂಸದ ಕತ್ತಿನ ಹಾಗೆ.

ನನಗೆ ಬಣ್ಣ ಕಲಸುವುದು, ಹಿನ್ನೆಲೆ ಬಳಿಯುವುದು, ಅಷ್ಟೇ. ಅಕ್ಷರ ಮುಟ್ಟುವಂತಿಲ್ಲ. ನಾನು ಓದಿದ್ದೂ ಐದರವರೆಗೇ. ಅಕ್ಷರದ ಆಸೆಯನ್ನು ಹೀಗೆ ಕದ್ದು ಬರೆದು ತೀರಿಸಿಕೊಳ್ಳುತ್ತೇನೆ.

"ಹೊಸ್ತಿಲು ದಾಟಿದ್ರೆ ವಾಪಸ್ ಬರಬೇಡ," ಅಂದ ಅಪ್ಪ.

ಅಣ್ಣ ಚಪ್ಪಲಿ ಮೆಟ್ಟಿದ. ದಾಟಿದ.

ವೈಶಾಖ 9

ಅಣ್ಣನಿಗೆ ಗುಂಡು ಬಿದ್ದಿದೆ. ತೊಡೆಗೆ. ಬದುಕಿದ್ದಾನೆ… ಬದುಕಿದ್ದಾನೆ.

ನಿನ್ನೆ, ಕೃಷಿ ಕಚೇರಿಯ ಮುಂದೆ. ಅಮ್ಮ ಉದ್ದಿನ ಬಾರಾ ಬೇಯಿಸಿ ಕಟ್ಟಿಕೊಂಡಳು, ಆಸ್ಪತ್ರೆಗೆ ನಾನೂ ಹೋದೆ. ನಮ್ಮನ್ನು ನೋಡಿ ನಗುತ್ತಾನೆ! ಮನೆಯಲ್ಲಿ ಎಲ್ಲರಿಗೂ ನಾನು 'ಮೈಚಾ', ಪುಟ್ಟ ಹುಡುಗಿ.

"ಮೈಚಾ, ಬಿದ್ದವನು ಮೇಲೆ ನೋಡಿದೆ. ಏನು ಕಾಣಿಸ್ತು ಗೊತ್ತಾ? ಅಪ್ಪನ ೫."

ಶಾಲಿನ ಅಂಚು ಕಚ್ಚಿಕೊಂಡು ನಿಂತೆ.

ಮನೆಯಲ್ಲಿ ಅಪ್ಪ ಕೇಳಿದ್ದು ಒಂದೇ. "ಕಾಲು ಉಳಿಯುತ್ತಂತಾ?" ಗೊತ್ತಿಲ್ಲ ಅಂದಳು ಅಮ್ಮ. ನಾನು ತೊಳೆದಿಟ್ಟಿದ್ದ ಬ್ರಶ್‌ಗಳನ್ನು ಅಪ್ಪ ಮತ್ತೆ ತೊಳೆಯುತ್ತಾ ಕೂತ. ಆಸ್ಪತ್ರೆಗೆ ಹೋಗಲಿಲ್ಲ.

ವೈಶಾಖ 12. ಬೆಳಗ್ಗೆ

ರಾಜರು ಸಂಸತ್ತು ವಾಪಸ್ ಕೊಟ್ಟರು! ಟಿವಿಯಲ್ಲಿ ಅವರೇ ಹೇಳಿದರು. ಬೀದಿ ತುಂಬ ಕೆಂಪು ಪುಡಿ, ಕುಣಿತ. ಅಪ್ಪ ಕಿಟಕಿ ಹಾಕಿದ.

ಅಣ್ಣನ ಕಾಲು ಉಳಿಯುತ್ತದಂತೆ. ಆದರೆ ಮನೆಗೆ ಬರುವುದಿಲ್ಲವಂತೆ. ಆಸ್ಪತ್ರೆಯಿಂದ ಗೆಳೆಯನ ರೂಮಿಗೆ. ಅಪ್ಪ ಕರೆಯಬೇಕಂತೆ.

"ಒಂದು ಮಾತು ಕರೀರಿ," ಅಂದಳು ಅಮ್ಮ.

"ನಾನು ಹೋಗು ಅಂದಿರಲಿಲ್ಲ. ಹೋದ್ರೆ ಬರಬೇಡ ಅಂದಿದ್ದೆ."

"ಎರಡಕ್ಕೂ ಏನು ವ್ಯತ್ಯಾಸ?"

"ಅವನಿಗೆ ಗೊತ್ತು."

ಜ್ಯೇಷ್ಠ 8

ಇಷ್ಟು ದಿನ ಏನೂ ಬರೆಯಲಿಲ್ಲ.

ಮೊನ್ನೆ ಸಂಸತ್ತು ತೀರ್ಮಾನ ಮಾಡಿತು. ಸೈನ್ಯ ಇನ್ನು ರಾಜರದ್ದಲ್ಲ. ಸರ್ಕಾರವೂ ಅಲ್ಲ. ರಾಜರೂ ತೆರಿಗೆ ಕಟ್ಟಬೇಕು. 'ಶ್ರೀ ೫ರ ಸರ್ಕಾರ' ಹೋಗಿ 'ನೇಪಾಳ ಸರ್ಕಾರ' ಆಗಬೇಕು, ಎಲ್ಲ ಬೋರ್ಡುಗಳಲ್ಲೂ. ಕೃಷಿ ಕಚೇರಿಯ ಹಾಕಿಮರು, ಅಲ್ಲಿನ ದೊಡ್ಡ ಸಾಹೇಬರು, ಅಪ್ಪನನ್ನು ಕರೆಸಿದರು. ಬಣ್ಣದ ಡಬ್ಬಿ ಹೊತ್ತು ನಾನೂ ಹೋದೆ. ಬಾಗಿಲು ಮುಂದೆ ಮಾಡಿಕೊಂಡು ಮೆಲ್ಲಗೆ ಹೇಳಿದರು.

"ಚಿತ್ರಕಾರ್ ಅವ್ರೇ, ಡಿಸ್ಟೆಂಪರ್‌ನಲ್ಲಿ ಬರೀರಿ."

"ಹೊರಗಡೆ ಬೋರ್ಡಿಗಾ, ಹಾಕಿಮ್ ಸಾಬ್? ಒಂದು ಮಳೆಗೆ ಹೋಗುತ್ತೆ."

"ಹೋಗ್ಬೇಕು! ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗ್ಬೇಕು. ಪಾರ್ಲಿಮೆಂಟು ಇತ್ತು, ಹೋಯ್ತು, ಬಂತು. ಅರಮನೆ ನೋಡಿ, ಇದ್ದಲ್ಲೇ ಇದೆ. ನನಗೆ ಇನ್ನೂ ಪೆನ್ಷನ್ ಆಗಿಲ್ಲ."

"ಹಾಗಾದ್ರೆ ಒಳಗಿನ ೫ಕ್ಕೆ ಏನೂ ಆಗಲ್ಲ."

"ಬೆಚ್ಚಗೆ ಮಲಗಿರುತ್ತೆ ಬಿಡಿ."

ಅಪ್ಪ ನಕ್ಕ. ಅಣ್ಣ ಹೋದ ಮೇಲೆ ಮೊದಲ ಸಲ. ನಾನು ಬಿಳಿ ಕಲಸಿದೆ, ಕೆಂಪು ಕಲಸಿದೆ. ಅಪ್ಪ ಬರೆದ.

ಜ್ಯೇಷ್ಠ 10

ಸುದ್ದಿ ಅಣ್ಣನ ಕಿವಿಗೆ ಬಿದ್ದಿದೆ. ಅಮ್ಮನೇ ಹೇಳಿದ್ದು, ಡಿಸ್ಟೆಂಪರ್ ವಿಷಯ ಅವಳಿಗೂ ಗೊತ್ತಿಲ್ಲ.

"ಅಪ್ಪನೇ ಬರೆದ್ರಾ? ಅವ್ರ ಕೈಯಾರೆ?" ಅಂತ ಎರಡೆರಡು ಸಲ ಕೇಳಿದನಂತೆ. ಅತ್ತನಂತೆ. "ನನ್ನನ್ನ ಕರೆದ ಹಾಗೇ ಆಯ್ತಮ್ಮ. ಶುಕ್ರವಾರ ಬರ್ತೀನಿ."

ಅಮ್ಮ ಹಾಡು ಗುನುಗುತ್ತಾ ಮಹಡಿ ಗುಡಿಸಿದಳು. ಅಣ್ಣನ ಹಾಸಿಗೆ ಬಿಸಿಲಿಗೆ ಹಾಕಿದಳು.

ಬಿಸಿಲು ಇದೆ. ಪಶ್ಚಿಮದ ಗುಡ್ಡದ ಮೇಲೆ ಒಂದು ಮೋಡ. ಮಧ್ಯಾಹ್ನ ಹೋಯಿತು. ಸಂಜೆ ಮತ್ತೆ ಬಂದಿದೆ, ಇನ್ನೊಂದನ್ನು ಕರೆದುಕೊಂಡು.

ಅದೇ ದಿನ. ದೀಪ ಹಚ್ಚಿದ ಮೇಲೆ

ಕೂರಲಾಗಲಿಲ್ಲ. ಅಪ್ಪನಿಗೆ ಹೇಳಿಯೇಬಿಟ್ಟೆ.

"ಎನಾಮೆಲ್‌ನಲ್ಲಿ ಬರೆದುಬಿಡೋಣ, ಅಪ್ಪಾ. ಅಣ್ಣ ಬರೋದ್ರೊಳಗೆ."

"ಹಾಕಿಮರು ಹೇಳಿದ್ದು ಡಿಸ್ಟೆಂಪರ್."

"ಅಣ್ಣ ಅಂದ್ಕೊಂಡಿರೋದು—"

"ಅವನು ಅಂದ್ಕೊಂಡಿದ್ದಕ್ಕೆ ನಾನು ಜವಾಬ್ದಾರನಾ? ಬೋರ್ಡಲ್ಲಿ ನೇಪಾಳ ಅಂತ ಇದೆಯೋ ಇಲ್ವೋ?"

ಇದೆ. ಇವತ್ತು ಇದೆ.

ಜ್ಯೇಷ್ಠ 12, ಶುಕ್ರವಾರ

ಅಣ್ಣ ಬಂದ. ಕಂಕುಳಲ್ಲಿ ಊರುಗೋಲು. ಅಪ್ಪನ ಕಾಲಿಗೆ ಬಗ್ಗಲು ಹೋದ, ಅಪ್ಪ ಭುಜ ಹಿಡಿದುಕೊಂಡ.

"ಬೇಡ. ಬೀಳ್ತೀಯ."

ಆಮೇಲೂ ಕೈ ತೆಗೆಯಲಿಲ್ಲ. ಅಮ್ಮ ಅಡುಗೆಮನೆಗೆ ಓಡಿದಳು, ಕಣ್ಣು ಒರೆಸಿಕೊಳ್ಳಲು.

ಊಟಕ್ಕೆ ಅವಲಕ್ಕಿ, ಬಾರಾ, ಆಲೂಗಡ್ಡೆ. ಅಣ್ಣನ ಕಣ್ಣು ಅಪ್ಪನ ಮೇಲೇ.

"ನೀವೇ ಬರೆದ್ರಂತೆ."

"ಅವಲಕ್ಕಿ ಹಾಕ್ಕೋ."

"ನಾಳೆ ಬೆಳಗ್ಗೆ ಹೋಗಿ ನೋಡ್ತೀನಿ ಅಪ್ಪಾ. ಅವತ್ತು ಮಲ್ಕೊಂಡು ನೋಡಿದ್ದು. ನಾಳೆ ನಿಂತ್ಕೊಂಡು ನೋಡ್ತೀನಿ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಗುಡ್ಡದ ಕಡೆ ಗುಡುಗು. ಅಮ್ಮ, "ಒಳ್ಳೇದಾಯ್ತು, ಧೂಳಾದ್ರೂ ಅಡಗುತ್ತೆ," ಅಂದಳು.

ಜ್ಯೇಷ್ಠ 13. ಬೆಳಕು ಹರಿದಿದೆ

ಮಳೆ ಬಂತು. ಸುರಿದೇ ಸುರಿಯಿತು.

ಏಣಿ ಹೊತ್ತು ಒಬ್ಬಳೇ ಬಂದಿದ್ದೇನೆ. ಎನಾಮೆಲ್ ಡಬ್ಬಿ, ಬ್ರಶ್, ಸ್ಯಾಂಡ್ ಪೇಪರ್. ಕಚೇರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬೀದಿಯಲ್ಲಿ ಯಾರೂ ಇಲ್ಲ.

'ನೇಪಾಳ' ಗೋಡೆ ಮೇಲೆಲ್ಲ ಇಳಿದಿದೆ, ಎಳೆಗೆಂಪಾಗಿ. ಒಳಗಿಂದ 'ಶ್ರೀ ೫ರ' ಮೈ ತೊಳೆದುಕೊಂಡು ಥಳಥಳ ಎನ್ನುತ್ತಿದೆ. ಹಳೆಯ ಬಣ್ಣ ಉಜ್ಜಿ ತೆಗೆಯದೆ ಹೊಸದು ನಿಲ್ಲುವುದಿಲ್ಲ. ಒರೆಸಿದೆ. 'ಶ್ರೀ' ಉಜ್ಜಿದೆ. 'ರ' ಉಜ್ಜಿದೆ. ೫ ಉಳಿಯಿತು. ಎಷ್ಟು ಚೆನ್ನಾಗಿದೆ, ಹಾಳಾದ್ದು. ಕೈ ಹೋಗಲಿಲ್ಲ. ಇಳಿದು ಬಂದೆ. ಹಲಗೆ ಹೇಗೂ ಒಣಗಬೇಕು…

ಊರುಗೋಲಿನ ಸದ್ದು. ಅಣ್ಣ. ಇಷ್ಟು ಬೇಗ! ಜೊತೆಗೆ ಅಪ್ಪ. ಅಪ್ಪ ಏನೋ ಹೇಳುತ್ತಿದ್ದಾನೆ, ಅಣ್ಣ ನೆಲ ನೋಡುತ್ತಾ ಬರುತ್ತಿದ್ದಾನೆ. ನಿಂತ. ಬೋರ್ಡು ನೋಡಿದ. ವಾಪಸ್ ಹೋಗಿಬಿಟ್ಟರೆ? ದೇವರೇ, ಹೋಗಿಬಿಟ್ಟರೆ…

ಹೋಗಲಿಲ್ಲ. ಅವರು ನನ್ನ ಕಡೆ ನೋಡುತ್ತಿಲ್ಲ, ಬರೆದುಕೊಳ್ಳುತ್ತಿದ್ದೇನೆ.

ಅಪ್ಪ ಬಂದವನೇ, "ಏಣಿ ಕಾಣ್ಲಿಲ್ಲ. ಅವನಿಗೆ ಎಲ್ಲ ಹೇಳ್ದೆ," ಅಂದ. ಕೈ ಚಾಚಿದ. "ಸ್ಯಾಂಡ್ ಪೇಪರ್ ಕೊಡು. ಅದು ನಾನು ಬರೆದದ್ದು."

ಏಣಿ ಹತ್ತಿದ. ಅಣ್ಣ ಊರುಗೋಲನ್ನು ಗೋಡೆಗೆ ಒರಗಿಸಿ ಎರಡೂ ಕೈಯಲ್ಲಿ ಏಣಿ ಹಿಡಿದ.

"ಕಾಲು ಅಲುಗಾಡ್ತಿದೆ," ಅಂದ ಅಪ್ಪ ಮೇಲಿಂದ.

"ಏಣಿದಾ, ನಂದಾ?"

"ಎರಡರದ್ದೂ. ಗಟ್ಟಿ ಹಿಡ್ಕೋ."

ಉಜ್ಜುತ್ತಿದ್ದಾನೆ. ಅಣ್ಣನ ಕೂದಲ ತುಂಬ ಕೆಂಪು ಪುಡಿ. ಹಂಸದ ಕತ್ತು ಹೋಯಿತು. ಬಾಲ ಇನ್ನೂ… ಅದೂ ಹೋಯಿತು. ಅಪ್ಪ ಒಂದು ಸಲ ಅಂಗೈಯಿಂದ ಹಲಗೆ ಸವರಿದ.

ಬ್ರಶ್ ಅದ್ದಿ ಕೊಟ್ಟೆ. ಎತ್ತಿ ಹಿಡಿದಿದ್ದಾನೆ. ಹಿಡಿದೇ ಇದ್ದಾನೆ.

"ನೀರಿಗೆ ಹೋಗೋ ಬಣ್ಣದಲ್ಲಿ ಬರೆಯೋಕಾಯ್ತು. ಇದ್ರಲ್ಲಿ ಆಗ್ತಿಲ್ಲ ಕಣೋ," ಅಂದ ಅಣ್ಣನಿಗೆ.

ಅಣ್ಣ ತಲೆ ಎತ್ತಲಿಲ್ಲ. ಏಣಿ ಬಿಡಲೂ ಇಲ್ಲ.

ಅಪ್ಪ ಇಳಿದ. ಈಗ ನನ್ನ ಕಡೆಗೇ ನೋಡುತ್ತಿದ್ದಾನೆ. ಮುಚ್ಚಿಡಬೇಕು—

"ಅಲ್ಲಿ ಏನು ಬರೀತಾ ಕೂತಿದೀಯ, ಮೈಚಾ? ಇಲ್ಲಿ ಬಂದು ಬರಿ."

ಬ್ರಶ್ ಚಾಚಿದ್ದಾನೆ. ಬಣ್ಣ ತೊಟ್ಟಿಕ್ಕು