ತವರಿನ ಕಾರು

ಮಂಡಿಪೇಟೆ, ದಾವಣಗೆರೆ
೧೪-೨-೧೯೮೨, ಭಾನುವಾರ

ಹರಿಹರದಲ್ಲಿರುವ ಅಣ್ಣ ಶಿವಯೋಗಪ್ಪನಿಗೆ ತಂಗಿ ಕಸ್ತೂರಿಯ ಶರಣು.

ನಾವೆಲ್ಲ ಕ್ಷೇಮ ಎಂದು ಈ ಸಲ ಬರೆಯುವುದಿಲ್ಲ. ನನ್ನ ಮಗಳು ನಾಗಿಯ ಬಲಗೈ ಇನ್ನೂ ಪ್ಲಾಸ್ಟರಿನಲ್ಲಿದೆ. ಎಡಗೈಯಲ್ಲಿ ಉಣ್ಣುವುದಕ್ಕೆ ನಾಚಿ ಅರ್ಧಕ್ಕೇ ಏಳುತ್ತಾಳೆ. ನೀನು ನಿನ್ನ ಪತ್ರದಲ್ಲಿ ಅವಳ ಕೈ ಹೇಗಿದೆ ಎಂದು ಕೇಳಿಲ್ಲ. ಗುರುವಾರ ಹರಿಹರದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಾ, ಅಪ್ಪನ ಗದ್ದೆ, ಮನೆ, ಅಂಗಡಿ ಇವುಗಳಲ್ಲಿ ನನಗೆ ಪಾಲು ಬೇಡ ಎಂಬ ಪತ್ರಕ್ಕೆ ಸಹಿ ಹಾಕಿ, ಊಟ ಮಾಡಿಕೊಂಡು ಹೋಗು ಎಂದಿದ್ದೀಯ. ಕೊನೆಯಲ್ಲಿ, ತವರಿನಿಂದ ಕಾರೇ ಬಂದ ಮೇಲೆ ನಿನಗೆ ಇನ್ನೇನು ಕೊರತೆ ಎಂದೂ ಬರೆದಿದ್ದೀಯ. ಆ ಒಂದು ಸಾಲಿಗೆ ಉತ್ತರ ಕೊಡಲು ಕುಳಿತಿದ್ದೇನೆ. ಕೊರತೆ ಏನೇನು ಎಂದು ಹೇಳುತ್ತೇನೆ, ಪೂರ್ತಿ ಓದು.

ಪಂಚಮಿಗೆ ನನ್ನನ್ನು ಕರೆಯಲು ನೀನು ಯಾವಾಗಲೂ ಬಸ್ಸಿನಲ್ಲಿ ಬರುತ್ತಿದ್ದೆ. ಕಳೆದ ಪಂಚಮಿಗೆ ಅಪ್ಪನ ಕಾರು ತಂದೆ. ಅಪ್ಪ ಹೋದ ಮೇಲೆ ನಿನ್ನ ಮನೆಯ ಮುಂದೆ ಕೋಳಿಗಳು ಮೊಟ್ಟೆ ಇಡುತ್ತಿದ್ದ ಕಾರು, ಹೊಸ ನೀಲಿ ಬಣ್ಣ ಹೊಡೆಸಿಕೊಂಡು, ಬಾನೆಟ್ಟಿಗೆ ವಿಭೂತಿ ಬಳಿಸಿಕೊಂಡು ಬಂದು ಮಂಡಿಪೇಟೆಯಲ್ಲಿ ನಿಂತಾಗ ಅಕ್ಕಪಕ್ಕದ ಅಂಗಡಿಯವರೆಲ್ಲ ಎದ್ದು ನೋಡಿದರು. ಹರಿಹರಕ್ಕೆ ಕರೆದುಕೊಂಡು ಹೋಗಿ, ಅತ್ತಿಗೆಯ ಕೈಯಿಂದ ನನಗೆ ಉಡಿ ತುಂಬಿಸಿ, ತೆಂಗಿನಕಾಯಿ ಮತ್ತು ಕುಬಸದ ಕಣದ ಜೊತೆ ಕಾರಿನ ಬೀಗದ ಕೈಯನ್ನೂ ಉಡಿಗೆ ಹಾಕಿಸಿದೆ. ನಾನು ಅತ್ತುಬಿಟ್ಟೆ. ಅಪ್ಪ ಕೂರುತ್ತಿದ್ದ ಸೀಟಿನಲ್ಲಿ ಕುಳಿತು ವಾಪಸು ಬರುವಾಗ, ಇಂಥ ಅಣ್ಣ ಇನ್ಯಾರಿಗಿದ್ದಾನೆ ಎಂದುಕೊಂಡೆ.

ನಮ್ಮ ಮನೆಯವರು ಮಾರನೆಯ ದಿನವೇ ಅಂದರು: "ಹಳೇ ಗಾಡಿ, ಒಂದು ಸಲ ಗ್ಯಾರೇಜಿನಾಗ ತೋರಿಸ್ಕೊಂಡು ಬರ್ತೀನಿ." ನಾನು ಬಿಡಲಿಲ್ಲ. "ನಮ್ಮಣ್ಣ ಉಡಿಗೆ ಹಾಕಿದ್ದನ್ನ ಪರೀಕ್ಷೆ ಮಾಡಿಸ್ತೀರಾ? ನನ್ನ ತವರು ಅಂದ್ರ ಏನು ಅನ್ಕೊಂಡೀರಿ?" ಎಂದೆ. ಉಡಿಗೆ ಬಿದ್ದದ್ದನ್ನು ತಿರುಗಿಸಿ ಮುರುಗಿಸಿ ನೋಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ನಿನಗೂ ಗೊತ್ತಿತ್ತು. ಅವರು ಬೀಗದ ಕೈಯನ್ನು ಮೊಳೆಗೆ ತೂಗುಹಾಕಿ ಅಂಗಡಿಗೆ ಹೋದರು. ಅವರ ಸ್ವಭಾವವೇ ಹಾಗೆ.

ಮೊದಲ ಮಳೆಗೇ ಹಿಂದಿನ ಸೀಟಿನ ಮೇಲೆ ನೀರು ಸುರಿಯಿತು. ಕುಕ್ಕುವಾಡದ ಮದುವೆಗೆ ನಮ್ಮತ್ತೆ ಕಾರಿನೊಳಗೆ ಕೊಡೆ ಬಿಚ್ಚಿಕೊಂಡು ಹೋದರು. ರಸ್ತೆಯಲ್ಲಿದ್ದವರು ನಕ್ಕರು. ನಾನು ಅತ್ತೆಗೆ, ಗಾಜು ಸರಿಯಾಗಿ ಏರಿಸಿರಲಿಲ್ಲ ಎಂದು ಸುಳ್ಳು ಹೇಳಿದೆ. ಹಾರನ್ ಒತ್ತಿದರೆ ಕೂಗುವುದಿಲ್ಲ, ಸ್ಟೇರಿಂಗ್ ತಿರುಗಿಸಿದರೆ ತಾನೇ ಕೂಗುತ್ತದೆ. ಎಲ್ಲಿಗೆ ಹೋದರೂ ರೇಡಿಯೇಟರಿಗೆಂದು ಒಂದು ಕೊಡ ನೀರು ಡಿಕ್ಕಿಯಲ್ಲಿ ಇರಬೇಕು. ಬಲಕ್ಕೆ ತಿರುಗಿಸಿದಾಗ ಹಿಂದಿನ ಎಡಬಾಗಿಲು ತೆರೆದುಕೊಳ್ಳುತ್ತದೆ ಎಂದು ಗೋಣಿಚೀಲದ ಹಗ್ಗದಿಂದ ಕಟ್ಟಿಕೊಂಡು ತಿರುಗಿದೆವು. ಬೆಳಗ್ಗೆ ಸ್ಟಾರ್ಟ್ ಆಗಬೇಕಾದರೆ ನಾಲ್ಕು ಜನ ತಳ್ಳಬೇಕು. ನಮ್ಮ ಅಂಗಡಿಯ ಹಮಾಲರು ಬೇಳೆ ಚೀಲ ಇಳಿಸುವುದನ್ನು ಬಿಟ್ಟು ಬರುತ್ತಿದ್ದರು. ಅವರ ಮೇಸ್ತ್ರಿ ಕೆಂಚಣ್ಣ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಬರ್ರಪ್ಪೋ, ಕಸ್ತೂರಕ್ಕರ ತವರಿಗೆ ಒಂದೊಂದು ಕೈ ಹಚ್ರಿ! ಜೋರಾಗಿ ತಳ್ರಿ, ದೊಡ್ಡ ಮನೆತನ ಐತೆ!"

ನಾನು ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಆದರೂ ನಿನಗೆ ಬರೆದ ಒಂದೊಂದು ಪತ್ರದಲ್ಲೂ ಕಾರು ಚೆನ್ನಾಗಿದೆ ಎಂದೇ ಬರೆದೆ. ತವರಿನ ಮಾನವನ್ನು ಗಂಡನ ಮನೆಯಲ್ಲಿ ಹೆಣ್ಣುಮಕ್ಕಳೇ ಕಾಯಬೇಕಲ್ಲ.

ಇವೆಲ್ಲ ಸಣ್ಣ ಮಾತು. ವಯಸ್ಸಾದ ಕಾರಿಗೆ ಇರುವ ರೋಗಗಳು. ಇಷ್ಟಕ್ಕೇ ಮುಗಿದಿದ್ದರೆ ಗುರುವಾರ ಬಂದು ಸಹಿ ಹಾಕಿ, ನಿನ್ನ ಮನೆಯಲ್ಲಿ ಹೋಳಿಗೆ ಉಂಡು ಬರುತ್ತಿದ್ದೆ.

ಸಂಕ್ರಾಂತಿಯ ದಿನ ನಡೆದದ್ದನ್ನು ನೀನು ಹರಿಹರದಲ್ಲೆಲ್ಲ ನಿನಗೆ ಬೇಕಾದ ಹಾಗೆ ಹೇಳಿಕೊಂಡು ಬಂದಿದ್ದೀಯ. ನಡೆದದ್ದು ಹೀಗೆ. ಹೊಳೆಯಲ್ಲಿ ಸ್ನಾನ ಮಾಡಿ ನಿಮ್ಮೆಲ್ಲರ ಜೊತೆ ದಂಡೆಯ ಮೇಲೆ ಊಟ ಮಾಡಲು, ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕಟ್ಟಿಕೊಂಡು ಹೊರಟಿದ್ದೆವು. ಹರಿಹರ ಇನ್ನೇನು ಬಂತು ಎನ್ನುವಲ್ಲಿ ಮುಂದೆ ಹೋಗುತ್ತಿದ್ದ ಹುಲ್ಲಿನ ಗಾಡಿ ನಿಂತಿತು. ನಮ್ಮ ಮನೆಯವರು ಬ್ರೇಕ್ ಒತ್ತಿದರು. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ಕಂಡೆ. ಪೆಡಲು ನೆಲ ಮುಟ್ಟಿತು, ಕಾರು ನಿಲ್ಲಲಿಲ್ಲ. ಎತ್ತುಗಳಿಗೆ ಹೊಡೆಯಬಾರದೆಂದು ಅವರು ಬಲಕ್ಕೆ ಎಳೆದರು. ಹಾರನ್ ಕೂಗಿಕೊಂಡಿತು, ಹಿಂದಿನ ಬಾಗಿಲಿನ ಹಗ್ಗ ಕಿತ್ತಿತು, ನಾಗಿ ರಸ್ತೆಗೆ ಬಿದ್ದಳು. ಕಾರು ಹೋಗಿ ಜಲ್ಲಿಯ ರಾಶಿಗೆ ಗುದ್ದಿ ನಿಂತಿತು.

ಯಾರೋ ಹೊಳೆಯ ಹತ್ತಿರ ನಿನಗೆ ಸುದ್ದಿ ಮುಟ್ಟಿಸಿದರು. ಸ್ಕೂಟರಿನಲ್ಲಿ ಬಂದೆ. ನಾಗಿ ನನ್ನ ತೊಡೆಯ ಮೇಲೆ ಚೀರುತ್ತಿದ್ದಳು. ನೀನು ಕೇಳಿದ ಮೊದಲ ಮಾತು, "ಗಾಡಿಗೆ ಏನಾತು?" ಆಸ್ಪತ್ರೆಯ ಪಡಸಾಲೆಯಲ್ಲಿ ನೆಂಟರೆಲ್ಲ ಸೇರಿದ ಮೇಲೆ, ನಮ್ಮ ಮನೆಯವರು ಗೋಡೆಗೆ ಒರಗಿ ನಿಂತಿದ್ದಾಗ, ಅವರಿಗೆ ಕೇಳಲಿ ಎಂದೇ ನೀನು ಅಂದೆ: "ಗಾಡಿ ಗಟ್ಟಿ ಐತೆ. ಓಡ್ಸೋ ಕಾಲು ಗಟ್ಟಿ ಇಲ್ಲ. ಬೇಳೆ ತೂಗೋರಿಗೆ ಸ್ಟೇರಿಂಗು ಯಾಕ ಬೇಕಿತ್ತು?" ಇಬ್ಬರು ನಕ್ಕರು. ಯಾರು ಎಂದು ನನಗೆ ನೆನಪಿದೆ.

ನಾನೂ ನಿನ್ನ ಮಾತನ್ನೇ ನಂಬಿದೆ ಅಣ್ಣಾ. ನಾನು ಕಂಡ ಪೆಡಲಿಗಿಂತ ನಿನ್ನ ಬಾಯಿ ನನಗೆ ಹೆಚ್ಚಾಯಿತು. ಮನೆಗೆ ಬಂದು ಅವರಿಗೆ ಆಡಬಾರದ್ದನ್ನೆಲ್ಲ ಆಡಿದೆ. ಅವರು, "ಹೌದು ಕಸ್ತೂರಿ, ನನ್ನ ಕಾಲು ತಡ ಆತು" ಎಂದರು. ಅಂದಿನಿಂದ ಮಗಳ ಪಕ್ಕ ಊಟಕ್ಕೆ ಕೂರುವುದನ್ನು ಬಿಟ್ಟರು. ಅಂಗಡಿಯ ಗಾದಿಯ ಮೇಲೆ ಕುಳಿತು ಗಿರಾಕಿಯ ಜೊತೆ ಮಾತನಾಡುತ್ತಿರುವಾಗ ಅವರ ಬಲಗಾಲು ತಾನೇ ನೆಲ ಒತ್ತುತ್ತಿರುತ್ತದೆ. ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ. ಕೆಂಚಣ್ಣ ಕೂಡ ಅದನ್ನು ನೋಡಿ ತಮಾಷೆ ನಿಲ್ಲಿಸಿದ. ಒಬ್ಬ ಮನುಷ್ಯ ಒಂದು ತಿಂಗಳು ಹೀಗೆ ಕುಳಿತಿದ್ದ.

ಈಗ ನನಗೆ ಎಲ್ಲ ಗೊತ್ತಾಗಿದೆ.

ಪಂಚಮಿಗೆ ಮೊದಲು, ಅಪ್ಪನ ಕಾಲದಿಂದ ಆ ಕಾರನ್ನು ನೋಡಿಕೊಂಡು ಬಂದ ಮೆಕ್ಯಾನಿಕ್ ನಬೀ ಸಾಬರನ್ನು ನೀನು ಮನೆಗೆ ಕರೆಸಿದ್ದೆ. ಅವರು ಕಾರಿನ ಕೆಳಗಿನಿಂದ ಎದ್ದು ಬಂದು ನಿನಗೆ ಹೇಳಿದ್ದು ಇದು: "ಶಿವಯೋಗಪ್ಪೋರೆ, ಬ್ರೇಕ್ ಎಣ್ಣೆ ಸೋರ್ತಾ ಐತೆ. ಈ ಗಾಡಿ ನಿಲ್ಸೋಕ ಚಂದ, ಓಡ್ಸೋಕಲ್ಲ. ಮೊದ್ಲು ಇದನ್ನ ಮಾಡಿಸ್ರಿ, ಬಣ್ಣ ಆಮ್ಯಾಲೆ." ನೀನು ಅಂದದ್ದು: "ಬಣ್ಣ ಹೊಡ್ಸಿದ್ರ ಸಾಕು ಸಾಬ್ರೆ. ತಂಗಿ ಮನಿಗೆ ಹೋಗೋ ಗಾಡಿ ಇದು. ಮಂಡಿಪೇಟೆ ಗದ್ದಲದಾಗ ಯಾವನು ಜೋರಾಗಿ ಓಡಿಸ್ತಾನೆ?" ಅವರು ಬಿಡದೆ, "ಮಕ್ಳು ಕೂಡ್ತಾರಲ್ರಿ ಅದ್ರಾಗ" ಎಂದಾಗ, "ನಿಮ್ಮ ಕೆಲ್ಸ ನೀವು ನೋಡ್ರಿ" ಎಂದೆ. ಅಷ್ಟೇ ತಾನೆ? ಒಂದು ಮಾತಾದರೂ ತಪ್ಪಿದ್ದರೆ ಬರೆದು ತಿಳಿಸು.

ಯಾರು ಹೇಳಿದರು ಎಂದು ಹುಡುಕುತ್ತಾ ನಬೀ ಸಾಬರ ಮೇಲೆ ಜಗಳಕ್ಕೆ ಹೋಗಬೇಡ. ಅವರು ನನ್ನ ಹತ್ತಿರ ಬಾಯಿ ಬಿಟ್ಟಿಲ್ಲ.

ಹಳೆಯ ಕಾರು ಕೊಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಬ್ರೇಕ್ ಇಲ್ಲ ಎಂದು ಗೊತ್ತಿದ್ದೂ ಉಡಿಗೆ ಹಾಕಿಸಿದೆಯಲ್ಲ, ಅದಕ್ಕೆ ಸಿಟ್ಟಿದೆ. ಅದಕ್ಕಿಂತ ಹೆಚ್ಚಿನ ಸಿಟ್ಟು ಆಸ್ಪತ್ರೆಯ ಪಡಸಾಲೆಯದು. ಆ ಹೊತ್ತಿಗಾದರೂ "ತಪ್ಪಾತು, ನನಗೆ ಗೊತ್ತಿತ್ತು" ಎಂದಿದ್ದರೆ ನಾನು ಕಾಲು ಹಿಡಿದು ಅತ್ತು ಮರೆಯುತ್ತಿದ್ದೆ. ನೀನು ಗೊತ್ತಿದ್ದೂ ಗೊತ್ತಿದ್ದೂ ತಪ್ಪನ್ನು ಎತ್ತಿ ನನ್ನ ಗಂಡನ ಕಾಲಿನ ಮೇಲೆ ಇಟ್ಟೆ. ಆಮೇಲೆ ಆ ಕಾರಿನ ಹೆಸರಲ್ಲೇ ನನ್ನ ಸಹಿ ಕೇಳುತ್ತಿದ್ದೀಯ.

ಗುರುವಾರ ನಾನು ಬರುವುದಿಲ್ಲ. ಸಹಿ ಹಾಕುವುದಿಲ್ಲ. ಆ ದಿನವೂ ಇಲ್ಲ, ಮುಂದೆಯೂ ಇಲ್ಲ. ಅಪ್ಪನ ಗದ್ದೆಯಲ್ಲಿ, ಮನೆಯಲ್ಲಿ, ಅಂಗಡಿಯಲ್ಲಿ ಕಾನೂನು ಎಷ್ಟು ಹೇಳುತ್ತದೋ ಅಷ್ಟು ಪಾಲು ನನಗೆ ಬೇಕು. ಒಂದು ಗುಂಟೆ ಹೆಚ್ಚು ಬೇಡ, ಒಂದು ಗುಂಟೆ ಕಡಿಮೆಯೂ ಬೇಡ. ಗಂಡ ಮುರುಗೇಶಪ್ಪ ಕಿವಿ ಊದಿದ ಎಂದು ನೀನು ಊರಲ್ಲಿ ಹೇಳುತ್ತೀಯ ಎಂದು ಗೊತ್ತು. ಅವರು ಈಗಲೂ, "ಹೋಗ್ಲಿ ಬಿಡು ಕಸ್ತೂರಿ, ತವರು ಕಳ್ಕಬ್ಯಾಡ" ಎನ್ನುತ್ತಿದ್ದಾರೆ. ಅವರ ಮಾತು ಮೀರಿ ಬರೆಯುತ್ತಿದ್ದೇನೆ.

ತವರು ಕಳೆದುಕೊಳ್ಳುವುದು ಎಂದರೇನು ಎಂದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಪಂಚಮಿಗೆ ಬಾಗಿಲಲ್ಲಿ ನಿಂತು ಯಾರೂ ಬರದ ದಾರಿ ನೋಡಬೇಕು. ನಾಗಿಯ ಮದುವೆಯಲ್ಲಿ ಸೋದರಮಾವನ ಜಾಗಕ್ಕೆ ಬೇರೆ ಯಾರನ್ನೋ ನಿಲ್ಲಿಸಬೇಕು. ಈ ಭಯಕ್ಕೇ ನಮ್ಮ ಕಡೆಯ ಹೆಣ್ಣುಮಕ್ಕಳು ತೋರಿಸಿದಲ್ಲಿ ಸಹಿ ಹಾಕಿ ಬರುವುದು. ಮೂರು ದಿನ ಇದನ್ನೇ ಯೋಚಿಸಿದೆ. ಪಕ್ಕದ ಕೋಣೆಯಲ್ಲಿ ನಾಗಿ ನಿದ್ದೆಯಲ್ಲಿ ಕೈ ತಗುಲಿ ನರಳಿದಾಗೆಲ್ಲ ಯೋಚನೆ ಮುಗಿಯುತ್ತಿತ್ತು.

ಗುದ್ದಿದ ದಿನ ಎಳೆಸಿ ಹಾಕಿದ ಕಾರು ಇನ್ನೂ ನಬೀ ಸಾಬರ ಗ್ಯಾರೇಜಿನಲ್ಲೇ ಇದೆ. ಬೀಗದ ಕೈಯೂ ಅಲ್ಲೇ ಇದೆ. ಉಡಿಗೆ ಬಿದ್ದದ್ದನ್ನು ವಾಪಸು ಕೊಡಬಾರದು ಎನ್ನುತ್ತಾರೆ. ನಾನು ಕೊಡುತ್ತಿದ್ದೇನೆ. ತೆಗೆದುಕೊಂಡು ಹೋಗು. ಓಡಿಸಿಕೊಂಡು ಹೋಗಬೇಡ, ಎಳೆಸಿಕೊಂಡು ಹೋಗು. ನಿನ್ನ ಮಕ್ಕಳನ್ನು ಅದರಲ್ಲಿ ಕೂರಿಸಬೇಡ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ.

ಅತ್ತಿಗೆಗೆ ಶರಣು ತಿಳಿಸು. ಅವರ ಮೇಲೆ ನನಗೆ ಏನೂ ಇಲ್ಲ.

ಇಂತಿ,
ಕಸ್ತೂರಮ್ಮ ಕೋಂ ಮುರುಗೇಶಪ್ಪ

ತಾ.ಕ.: ಅವ್ವ ನಂದಿಗುಡಿಯ ಮಠದಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದು ನಿನಗೆ ಹೇಳಿ ಹೊರಟಳಲ್ಲ, ಅವಳನ್ನು ಕರೆತರಲು ಅಲ್ಲಿಗೆ ಯಾರನ್ನೂ ಕಳಿಸಬೇಡ. ಅವಳು ಇಲ್ಲಿದ್ದಾಳೆ. ಕಳೆದ ಗುರುವಾರ ಬಸ್ಸು ಇಳಿದವಳು ಮನೆಗೆ ಬರದೆ ನೇರ ಅಂಗಡಿಗೆ ಹೋದಳಂತೆ. ಇಷ್ಟು ವರ್ಷ ಅಳಿಯನ ಎದುರು ನಿಂತು ಮಾತಾಡದವಳು, ಹಮಾಲರು, ಗಿರಾಕಿಗಳು ಎಲ್ಲರ ಮುಂದೆ ಸೆರಗು ಹೊದ್ದು ನಿಂತು, "ಅಳಿಯಂದ್ರೇ, ನಿಮ್ಮ ಕಾಲಿನ ತಪ್ಪಲ್ರೀ ಅದು. ನಬೀ ಸಾಬ ಹೇಳಿದ್ದನ್ನ ನಾನು ಬಾಗಿಲಾಗ ಕುಂತು ಕೇಳೀನಿ. ಹೊಟ್ಟ್ಯಾಗ ಹುಟ್ಟಿದ ಮಗ ಅಂತ ಬಾಯಿ ಮುಚ್ಕಂಡಿದ್ದೆ" ಎಂದಳಂತೆ. ಈಗ ನನ್ನ ಪಕ್ಕದಲ್ಲೇ ಕುಳಿತು ನಾಗಿಗೆ ತುತ್ತು ಕೊಡುತ್ತಿದ್ದಾಳೆ. ಈ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ ಕೇಳಿದಳು. ಒಂದು ಮಾತು ಬಿಟ್ಟುಹೋಗಿದೆ, ಸೇರಿಸು ಎಂದಳು. ಪಾಲು ಬೇಡ ಎಂಬ ನಿನ್ನ ಪತ್ರಕ್ಕೆ ಅವಳ ಹೆಬ್ಬೆಟ್ಟೂ ಬೇಕಲ್ಲ, ಆ ಹೆಬ್ಬೆಟ್ಟಿಗೂ ಕಾಯಬೇಡ.