ಏಳು ಕಂಪ್ಯೂಟರ್, ಒಂದೇ ಫೋಲ್ಡರ್: ತಪ್ಪು ನನ್ನದು

ಶಾಲಾ ಮಕ್ಕಳ ಕಣ್ಣು ತಪಾಸಣಾ ವಿಭಾಗದ ಮುಖ್ಯಾಧಿಕಾರಿಗಳೇ,

ತಪ್ಪು ಮಾಡಿದವನು ನಾನು. ನೋಟಿಸ್ ಹೋಗಿರುವುದು ನಿಮ್ಮ ಟೈಪಿಸ್ಟಿಗೆ. ಬರುವ ಸೋಮವಾರದ ವಿಚಾರಣೆಯಲ್ಲಿ ಆಕೆಯ ಕೆಲಸ ಹೋಗಲಿದೆ. ಇದನ್ನು ಹೇಳಲು ಮೂರು ಸಲ ನಿಮ್ಮ ಕೋಣೆಯ ಹೊರಗೆ ಕಾದು ಕಾಲು ಸೋತು, ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಬೇರೆಯವರು ಎತ್ತಿ ಆಡುವ ಮೊದಲು ನಾನೇ ಹೇಳಿಬಿಡುತ್ತೇನೆ: ಆಕೆ ನನ್ನ ಚಿಕ್ಕಮ್ಮ. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು.

ಕಚೇರಿಯ ಏಳು ಕಂಪ್ಯೂಟರುಗಳಲ್ಲಿ ಇರುವುದೆಲ್ಲ ದಿನಕ್ಕೊಮ್ಮೆ ಒಂದೇ ಕಡೆ ನಕಲಾಗಿ ಉಳಿಯಲಿ ಎಂದು ನೀವು ಒಂದು ಸ್ಟೋರೇಜ್ ಪೆಟ್ಟಿಗೆ ತರಿಸಿದಿರಿ. ಟಿಫಿನ್ ಡಬ್ಬಿಯಷ್ಟು ದೊಡ್ಡದಾದ ಅದನ್ನು ಬೀರುವಿನ ಮೇಲಿಟ್ಟು, ನೆಟ್‌ವರ್ಕಿಗೆ ಸೇರಿಸಿ, ಬ್ಯಾಕಪ್ ಹೊಂದಿಸಿದವನು ನಾನು. ಊಟದ ಬಿಡುವಿನಲ್ಲಿ ಏಳೂ ಕಂಪ್ಯೂಟರ್ ಒಂದಾದ ಮೇಲೊಂದು ತಮ್ಮ ಕಡತಗಳನ್ನು ಅದಕ್ಕೆ ಕಳಿಸಬೇಕು. ಮೊದಲನೆಯದನ್ನು ಸರಿಯಾಗಿಯೇ ಹೊಂದಿಸಿದೆ. ಒಂದೇ ಕೆಲಸವನ್ನು ಎರಡು ಸಲ ಮಾಡುವ ತಾಳ್ಮೆ ನನಗಿಲ್ಲ. ಅದೇ ಸೆಟ್ಟಿಂಗನ್ನು ಉಳಿದ ಆರಕ್ಕೂ ನಕಲು ಹೊಡೆದೆ. ಫೋಲ್ಡರಿನ ಹೆಸರು ಬದಲಿಸಲಿಲ್ಲ. ಏಳೂ ಒಂದೇ ಫೋಲ್ಡರಿಗೆ ಹೋದವು. ಪ್ರತಿಯೊಂದೂ ಹಿಂದಿನದರ ಕಡತ ಅಳಿಸಿ ತನ್ನದನ್ನು ತುಂಬಿತು. ನೀವೆಲ್ಲ ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಉಳಿಯುತ್ತಿದ್ದುದು ಏಳನೆಯದು, ಟಪಾಲು ವಿಭಾಗದ್ದು ಮಾತ್ರ. ಪರದೆಯ ಮೇಲೆ ದಿನವೂ ಏಳು ಹಸಿರು ಗುರುತು.

ಹದಿನೈದನೇ ದಿನ ಪೆಟ್ಟಿಗೆಯೊಳಗೆ ಇಣುಕಿದಾಗ ಕಂಡದ್ದು ಅದೊಂದೇ. ಅವತ್ತೇ ಬಂದು ನಿಮಗೆ ಹೇಳಿದೆ.

“ಹಸಿರು ಬಂದಿದೆ ತಾನೆ?” ಎಂದಿರಿ.

“ಬಂದಿದೆ ಸಾರ್. ಒಳಗೆ ಒಂದೇ ಕಂಪ್ಯೂಟರಿಂದು ಇದೆ.”

“ಮೇಲಿನವರ ತಪಾಸಣೆ ಮುಗಿಯೋವರೆಗೂ ಅದನ್ನ ಮುಟ್ಟಬೇಡ. ಹಸಿರು ಇದ್ದದ್ದು ಕೆಂಪಾದ್ರೆ ಯಾರು ಉತ್ತರ ಕೊಡೋದು?”

ಮುಟ್ಟಲಿಲ್ಲ. ಅರ್ಧ ಗಂಟೆಯ ಕೆಲಸ. ಯಾರಿಗೂ ಹೇಳದೆ ಸರಿಮಾಡಬಹುದಿತ್ತು. ಹಾಗೆ ಮಾಡದಿದ್ದುದು ನನ್ನ ಎರಡನೇ ತಪ್ಪು. ಒಂಬತ್ತು ದಿನ ಕಳೆದು ಚಿಕ್ಕಮ್ಮನ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತು. ನಾಲ್ಕು ವರ್ಷ ಆಕೆ ಕೂತು ಟೈಪ್ ಮಾಡಿದ್ದ ಎರಡು ಸಾವಿರ ಚಿಲ್ಲರೆ ಮಕ್ಕಳ ಕನ್ನಡಕದ ನಂಬರು ಹೋಯಿತು. ಮೇಲಿನವರ ತಪಾಸಣೆ ಮಾತ್ರ ಬಲು ಚೆನ್ನಾಗಿ ನಡೆಯಿತೆಂದು ಕೇಳಿದೆ. ಅಭಿನಂದನೆಗಳು.

“ಬ್ಯಾಕಪ್ ವ್ಯವಸ್ಥೆ ಸುಸ್ಥಿತಿಯಲ್ಲಿದ್ದು, ಸದರಿ ನೌಕರರ ನಿರ್ಲಕ್ಷ್ಯದಿಂದ” ಎಂದಿದೆ ನೋಟಿಸಿನಲ್ಲಿ. ಸುಸ್ಥಿತಿಯಲ್ಲಿದ್ದರೆ ಆ ನಂಬರುಗಳೆಲ್ಲಿ, ಸ್ವಾಮಿ? ನನ್ನ ಹೇಳಿಕೆ ಬರೆದುಕೊಳ್ಳಿ ಎಂದು ಹೆಡ್ ಕ್ಲರ್ಕ್ ಹತ್ತಿರ ಹೋದೆ. ಅವರು ರಿಜಿಸ್ಟರು ತಿರುವಿ, ಬೆರಳಿಟ್ಟು ತೋರಿಸಿದರು: ನಾನು ನೆಲ ಗುಡಿಸುವ ಗುತ್ತಿಗೆಯವನು. ಶಾಲೆ ಮುಗಿಸದವನನ್ನು ಕಂಪ್ಯೂಟರ್ ಕೆಲಸಕ್ಕೆ ತೆಗೆದುಕೊಳ್ಳಲು ನಿಯಮವಿಲ್ಲವಲ್ಲ! “ಪೊರಕೆಯವನು ಬ್ಯಾಕಪ್ ಮಾಡಿದ್ದ ಅಂತ ಬರೀಲಾ? ಮನೆಗೆ ಹೋಗಯ್ಯ, ನಾಳೆಯಿಂದ ಬರಬೇಡ,” ಎಂದರು. ಎರಡು ವರ್ಷ ಅಲ್ಲಿ ಕಂಪ್ಯೂಟರುಗಳನ್ನೇ ನೋಡಿಕೊಂಡು ದುಡಿದರೂ ಆ ಪೊರಕೆ ಯಾವ ಮೂಲೆಯಲ್ಲಿದೆ ಎಂದು ನನಗಿನ್ನೂ ಗೊತ್ತಿಲ್ಲ.

ಚಿಕ್ಕಮ್ಮ ಪಾತ್ರೆ ಉಜ್ಜುತ್ತ, ಮುಖ ತಿರುಗಿಸದೆಯೇ ಹೇಳಿದಳು: “ಬಿಡೋ. ನಿನ್ನ ಹೆಸರು ಬಂದ್ರೆ ಇನ್ಯಾರೂ ನಿನ್ನ ಒಳಗೆ ಸೇರಿಸಲ್ಲ. ನಂದು ಹೇಗೋ ಆಗುತ್ತೆ.” ಹತ್ತೊಂಬತ್ತು ವರ್ಷದ ನೌಕರಿ ಹೋದರೆ ಹೇಗೆ ಆಗುತ್ತದೆ?

ನನಗೂ ಸಾಕಾಗಿದೆ. ಆಕೆಯ ನೋಟಿಸ್ ವಾಪಸ್ ಪಡೆಯಿರಿ. ಫೋಲ್ಡರಿನ ತಪ್ಪನ್ನು ನನ್ನ ಹೆಸರಿಗೆ ಬರೆಸಿ, ಆ ಒಂಬತ್ತು ದಿನಗಳನ್ನು ನಿಮ್ಮ ಹೆಸರಿಗೆ. ಉಳಿದ ಆರು ಕಂಪ್ಯೂಟರುಗಳು ಇವತ್ತಿಗೂ ಒಂದನ್ನೊಂದು ಅಳಿಸುತ್ತಿವೆ. ಓದು ಮುಗಿಸಿದವರು ಯಾರಾದರೂ ಇದ್ದರೆ ಅವರಿಂದ ಸರಿಮಾಡಿಸಿ. ಸೋಮವಾರ ಹನ್ನೊಂದಕ್ಕೆ ವಿಚಾರಣೆಯ ಬಾಗಿಲಲ್ಲಿ ಇರುತ್ತೇನೆ. ಒಳಗೆ ಬಿಡದಿದ್ದರೆ ಹೊರಗಿನಿಂದಲೇ ಹೇಳುತ್ತೇನೆ. ನನ್ನ ದನಿ ಸಣ್ಣದಲ್ಲ.

ಇಂತಿ,
ನಿಮ್ಮ ರಿಜಿಸ್ಟರಿನ ಪ್ರಕಾರ ಕಂಪ್ಯೂಟರ್ ಮುಟ್ಟಿಯೇ ಇಲ್ಲದವನು