ಚೌಡ ಪತ್ತೆಯಿಲ್ಲವೆಂದು ಬರೆದವರು

ಶಿರಸಿ,
೧೪ ಫೆಬ್ರುವರಿ ೧೯೬೦, ರವಿವಾರ

ಪ್ರೀತಿಯ ಅವ್ವಾ,

ಮಂಡಿನೋವು ಹೇಗಿದೆ? ಹಾವೇರಿಯ ಗಡಸು ನೀರು ನಿನಗೆ ಒಗ್ಗುವುದಿಲ್ಲವೆಂದು ಮೊದಲೇ ಹೇಳಿದ್ದೆ, ನೀನು ಕೇಳಲಿಲ್ಲ. ತಂಗಿ ಪಾರ್ವತವ್ವ ಬಾಣಂತನದಿಂದ ಎದ್ದು ಓಡಾಡುತ್ತಾಳೆಯೇ? ಕೂಸಿಗೆ ಬಜೆ ತೇಯುವುದನ್ನು ನೀನೇ ಮಾಡು, ಅವಳ ಕೈಗೆ ಕೊಡಬೇಡ. ಅವಳಿಗೆ ಸಣ್ಣವಳಿದ್ದಾಗಿನಿಂದಲೂ ಅಳತೆ ಗೊತ್ತಿಲ್ಲ. (ಇದನ್ನು ಓದಿ ಹೇಳುತ್ತಿರುವವಳು ಅವಳೇ ಎಂದು ಬಲ್ಲೆ. ಪಾರವ್ವಾ, ಸಿಟ್ಟಾಗಬೇಡ, ಮುಂದೆ ಬರುವುದರಲ್ಲಿ ಒಂದು ಸಾಲನ್ನೂ ನುಂಗದೆ ಓದು.) ನಿನ್ನ ಅಳಿಯ ಆರಾಮಾಗಿದ್ದಾರೆ, ಕೆಮ್ಮು ಮಾತ್ರ ಬಿಟ್ಟಿಲ್ಲ.

ಇನ್ನು ಸುದ್ದಿ. ನಮ್ಮ ಮನೆಯ ಕೆಲಸದ ಚೌಡನಿಗೆ ಅಪ್ಪ ಕೊಟ್ಟ ಮಾತು ಏನೆಂದು ಮೊದಲು ಬರೆಯುತ್ತೇನೆ. ೧೯೪೯ರಲ್ಲಿ ಅಪ್ಪ ಛಾಪಾ ಕಾಗದದ ಮೇಲೆ ಬರೆಸಿ ನೋಂದಾಯಿಸಿದ ಕರಾರು: ಕೆರೆಯ ಹಿಂದಿನ ಆರು ಎಕರೆ ಮುಳ್ಳುಹಕ್ಕಲನ್ನು ಚೌಡ ಮತ್ತು ಅವನ ಹೆಂಡತಿ ಸುಬ್ಬಿ ಕಡಿದು, ಕಲ್ಲು ಆಯ್ದು, ಏರಿ ಕಟ್ಟಿ, ಭತ್ತದ ಗದ್ದೆ ಮಾಡಿಕೊಡಬೇಕು, ಐದನೆಯ ಸುಗ್ಗಿ ಆದ ಮೇಲೆ ಅದರಲ್ಲಿ ಮೂರು ಎಕರೆ ಚೌಡನ ಹೆಸರಿಗೆ ಆಗಬೇಕು. ಆಮೇಲೆ ಆದದ್ದು ಏನು? ಐದನೆಯ ಸುಗ್ಗಿಗೆ ಅಪ್ಪ "ಮುಂದಿನ ವರ್ಷ" ಎಂದರು. ಆರನೆಯದಕ್ಕೂ ಅದೇ ಮಾತು. ಅಪ್ಪ ತೀರಿಕೊಂಡ ಮೇಲೆ ಮಧುಕೇಶ್ವರಣ್ಣ "ಅಪ್ಪ ಬರಸಿದ್ದು ಅಪ್ಪನ ಜೋಡಿ ಹೋತು" ಎಂದ. ಈಗ ಚೌಡನಿಗೆ ಗದ್ದೆ ಇಲ್ಲವೆನ್ನುವುದೂ ಸಾಲದೆ, ಚೌಡನೇ ಇಲ್ಲ ಎನ್ನುತ್ತಿದ್ದಾನೆ.

ಹೋದ ಸೋಮವಾರ ಅಣ್ಣ ಶಿರಸಿಗೆ ಬಂದಿದ್ದ. ಅಪ್ಪ ಹೋದ ಮೇಲೆ ಮೂರು ವರ್ಷ ಪಂಚಮಿಗೆ ಕರೆಯದ ಅಣ್ಣ, ಕುಪ್ಪಸದ ಖಣ ಒಂದು, ಜೋನಿಬೆಲ್ಲದ ಡಬ್ಬಿ ಒಂದು ಹಿಡಿದು ಬಾಗಿಲಲ್ಲಿ ನಿಂತದ್ದು ನೋಡಿದೊಡನೆ ನನಗೆ ಅನುಮಾನ ಬಂತು. ಚಹಾ ಕುಡಿದ. ನಿನ್ನ ಅಳಿಯನ ಕೆಮ್ಮು ವಿಚಾರಿಸಿದ. ಆಮೇಲೆ ಅಂಗಿಯ ಒಳಗಿನಿಂದ ಕಾಗದ ತೆಗೆದ. ಆರೂ ಎಕರೆಯನ್ನು ಇಲ್ಲಿಯ ಮರದ ವ್ಯಾಪಾರಿಯೊಬ್ಬರಿಗೆ ಖರೀದಿ ಕೊಡುತ್ತಾನಂತೆ. ಈಗಿನ ಕಾಯಿದೆಯಲ್ಲಿ ಹೆಣ್ಣುಮಕ್ಕಳೂ ವಾರಸುದಾರರಾದ್ದರಿಂದ ನನ್ನದೂ ಪಾರ್ವತವ್ವನದೂ ಸಹಿ ಬೇಕಂತೆ. ನಾನು ಓದತೊಡಗಿದೆ. "ಓದೂದು ಏನೈತಿ ಅದ್ರಾಗ, ಸಹಿ ಮಾಡು. ಮಾಸ್ತರಿಕಿ ಸಾಲ್ಯಾಗ ಇರಲಿ" ಎಂದ. ಓದಿದೆ. ಎರಡನೆಯ ಪುಟದಲ್ಲಿ ಹೀಗಿತ್ತು: "ಕರಾರುದಾರ ಚೌಡ ಎಂಬಾತನು ಊರು ಬಿಟ್ಟು ಹತ್ತು ವರ್ಷವಾಗಿದ್ದು, ಎಷ್ಟು ಶೋಧಿಸಿದರೂ ಪತ್ತೆಯಾಗದ ಕಾರಣ, ಸದರಿ ಕರಾರು ಊರ್ಜಿತವಿಲ್ಲ."

ಹತ್ತು ವರ್ಷ! ಹೋದ ಕಾರ್ತಿಕದಲ್ಲಿ ನಾನು ಊರಿಗೆ ಬಂದಾಗ ನಮ್ಮ ಕಣದಲ್ಲಿ ರಾಶಿ ತೂರುತ್ತಿದ್ದವನು ಯಾರು ಹಾಗಾದರೆ, ದೆವ್ವವೇ? ಕೇಳಿದೆ. ಅಣ್ಣ ಮುಖ ಆ ಕಡೆ ತಿರುಗಿಸಿ, "ಅಂವ ಬ್ಯಾರೆ ಚೌಡ" ಎಂದ. ನಮ್ಮ ಊರಿನಲ್ಲಿ ಇನ್ನೊಬ್ಬ ಚೌಡ ಯಾವಾಗ ಹುಟ್ಟಿದ ಅವ್ವಾ? ನನಗೆ ಗೊತ್ತಿಲ್ಲದೆ ಹುಟ್ಟಿ, ಬೆಳೆದು, ನಮ್ಮ ರಾಶಿಯನ್ನೂ ತೂರಿಬಿಟ್ಟನೇ? ಸಹಿ ಮಾಡಲಿಲ್ಲ. ಬೆಲ್ಲದ ಡಬ್ಬಿಯನ್ನು ವಾಪಸು ಒಯ್ಯುವಷ್ಟು ಸಿಟ್ಟು ಅವನಿಗೆ ಬಂತು. ಖಣ ಮರೆತು ಬಿಟ್ಟುಹೋದ.

ಮರುದಿನ ಶಾಲೆ ಬಿಟ್ಟ ಮೇಲೆ ಖರೀದಿದಾರರ ವಕೀಲ ಕಮಲಾಕರರಾಯರ ಕಚೇರಿಗೆ ಹೋದೆ. ಮನುಷ್ಯ ಸಿಡುಕ, ಕೆಟ್ಟವರಲ್ಲ. "ನೋಡಿ ಅಕ್ಕೋರೇ, ನನಗೆ ಬೇಕಾದ್ದು ಎರಡರಲ್ಲಿ ಒಂದು. ಹಕ್ಕು ಬಿಟ್ಟೆ ಅಂತ ಅವನ ಬಿಡುಗಡೆ ಪತ್ರ, ಇಲ್ದಿದ್ರೆ ಅವ ಸಿಕ್ಕೂದಿಲ್ಲ ಅಂತ ಪಂಚನಾಮೆ. ಎರಡನೇದು ಬಂತು. ಮೇಲಿಂದ ಪೇಪರಿನಲ್ಲಿ ನೋಟೀಸೂ ಕೊಟ್ಟಾಯ್ತು. ನಾ ಎಂತ ಮಾಡೂದು?" ಎಂದರು. ಅಕ್ಷರ ಬಾರದವನಿಗೆ ಪೇಪರಿನಲ್ಲಿ ನೋಟೀಸು! ಕುರುಡನ ಮುಂದೆ ದೀಪ ಹಿಡಿದು, ಇವನಿಗೆ ಕಾಣಲಿಲ್ಲ ಎಂದು ಸಾಕ್ಷಿ ಬರೆದಂತೆ. ಪಂಚನಾಮೆಯ ನಕಲನ್ನು ಕೇಳಿ ತಂದೆ. ಜನವರಿ ಎಂಟನೆಯ ತಾರೀಖು ಆದದ್ದು. ಅಣ್ಣ, ಪಕ್ಕದ ಮನೆಯ ಚನ್ನಯ್ಯ, ಊರಿನ ಲೆಕ್ಕ ಬರೆಯುವ ತಲಾಟಿ ಮೂವರೂ ಚೌಡನ ಕೇರಿಗೆ "ಖುದ್ದು ಹೋಗಿ ವಿಚಾರಿಸಿ" ಬರೆದದ್ದು. ಅದರಲ್ಲಿ ಒಂದು ಸಾಲು ಹೀಗಿದೆ: "ಚೌಡನ ಹೆಂಡತಿಯೆಂದು ಹೇಳಿಕೊಳ್ಳುವ ಒಬ್ಬ ಹೆಂಗಸಿಗೆ ಗಂಡನ ಹೆಸರು ಕೇಳಲಾಗಿ, ಹೆಸರು ಹೇಳದೆ ಅಸಂಬದ್ಧ ಉತ್ತರ ಕೊಟ್ಟಳು. ಆದ್ದರಿಂದ ಆಕೆ ಚೌಡನ ಹೆಂಡತಿಯೆಂಬುದಕ್ಕೆ ಆಧಾರವಿಲ್ಲ."

ಓದಿ ನನ್ನ ಮೈ ಉರಿಯಿತು. ಬುಧವಾರ ರಜೆ ಹಾಕಿ ಬನವಾಸಿ ಬಸ್ಸು ಹಿಡಿದು ಊರಿಗೆ ಹೋದೆ, ನಮ್ಮ ಮನೆಗಲ್ಲ, ನೆಟ್ಟಗೆ ಕೇರಿಗೆ. ಸುಬ್ಬಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳೇ ಹೊರತು ಕೂಡು ಎನ್ನಲಿಲ್ಲ. ನಮ್ಮ ಮನೆಯಿಂದ ಬಂದವರನ್ನು ಅವಳು ಇನ್ನು ಹೇಗೆ ನಂಬಬೇಕು? ಕೈಯಲ್ಲಿದ್ದ ಹುಲ್ಲು ಹಾಕಿ ಮುಗಿಸಿ ಹೇಳಿದಳು. "ಕೇರಿ ಒಳಗ ಎಲ್ಲಿ ಬಂದ್ರು ಸಣ್ಣವ್ವಾ? ಹುಣಸೀಗಿಡದ ಹತ್ರ ನಿಂತು ಕೂಗಿದ್ರು. ಚನ್ನಯ್ಯ ಧಣ್ಯಾರು, ನಿನ್ನ ಗಂಡನ ಹೆಸರೇನ ಅಂದ್ರು. ನಿಮಗ ಗೊತ್ತಿಲ್ಲೇನ್ರೀ, ನಿಮ್ಮ ಬಣವಿ ಒಟ್ಟಿದವ್ರು ಅವರ ಅಲ್ಲೇನು ಅಂದೆ. ಗೊತ್ತಿದ್ದದ್ದು ಬ್ಯಾರೆ, ಕಾಗದಕ್ಕ ನಿನ್ನ ಬಾಯಿಂದ ಬರಬೇಕು ಅಂದ್ರು. ಗಂಡನ ಹೆಸರು ಹೆಂಗ ಹೇಳ್ಲಿ? ಊರ ಮುಂದ ಗುಡಿಯಾಗ ಕುಂತ ತಾಯಿ ಹೆಸರ ನನ್ನ ಗಂಡಂದು, ಚಂದಾಗಿ ಬರಕೊಳ್ರಿ ಅಂದೆ. ತಲಾಟಿ ಸಾಹೇಬ್ರು ನಕ್ಕರು." ಎಲ್ಲಿದ್ದಾನೆ ಎಂದು ಕೇಳಲಿಲ್ಲವೇ ಎಂದೆ. "ಕೇಳಿದ್ರು. ಇಡಗುಂದಿ ಕಡೆ ಕಾಡಿನಾಗ ಮರ ಕಡಿಯೋ ಕೂಪಿಗೆ ಹೋಗ್ಯಾರ, ವರ್ಷಾ ವರ್ಷಾ ಹೋಗತಾರ, ಯುಗಾದಿಗೆ ಬರತಾರ ಅಂತ ಹೇಳೇನಿ. ಅದನ್ನೂ ಬರಕೊಂಡಿಲ್ಲೇನು?"

ಬರೆದುಕೊಂಡಿಲ್ಲ ಅವ್ವಾ. ಊರ ಮುಂದಿನ ಚೌಡಮ್ಮನ ಗುಡಿಯನ್ನು ದಿನಕ್ಕೆ ಎರಡು ಸಲ ದಾಟುವ ಮೂವರು ಗಂಡಸರಿಗೆ ಆ ಉತ್ತರ ಅಸಂಬದ್ಧವಾಯಿತು. ನೀನು ಅಪ್ಪನ ಹೆಸರನ್ನು ಎಂದಾದರೂ ಹೇಳಿದ್ದೀಯಾ? ಸೋಬಾನೆಯ ದಿನ ಒಡಪು ಕಟ್ಟಿ, ಲಿಂಗದ ಮೇಲಿನ ಹೂವು ಎಂದೇನೋ ಸುತ್ತುಬಳಸಿ ಹೇಳಿದ್ದೆಯಂತೆ, ಅತ್ತೆಯಂದಿರು ಈಗಲೂ ಅದನ್ನು ಆಡಿಕೊಂಡು ನಗುತ್ತಾರೆ. ಚನ್ನಯ್ಯನ ಹೆಂಡತಿ ಹೇಳುತ್ತಾಳೆಯೇ? ಇಷ್ಟು ಓದಿ, ನಾಲ್ಕು ಸಭೆಗಳಲ್ಲಿ ಭಾಷಣ ಮಾಡಿದ ನಾನೇ ಈ ಕಾಗದದಲ್ಲಿ "ನಿನ್ನ ಅಳಿಯ" ಎಂದೇ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅದು ಮರ್ಯಾದೆ. ಕೇರಿಯಲ್ಲಿ ಅದೇ ಸುಳ್ಳಿಗೆ ಪುರಾವೆ. ಕೇರಿಗೆ ಕಾಲಿಟ್ಟರೆ ಮೈಲಿಗೆ, ಕೇರಿಯವನ ಗದ್ದೆ ನುಂಗಿದರೆ ಮೈಲಿಗೆಯಿಲ್ಲ!

ಶುಕ್ರವಾರ ನಾನೂ ನಿನ್ನ ಅಳಿಯನೂ ಯಲ್ಲಾಪುರಕ್ಕೆ ಹೋಗಿ, ಅಲ್ಲಿಂದ ಮರದ ಲಾರಿಯೊಂದರಲ್ಲಿ ಇಡಗುಂದಿಗೆ ಹೋದೆವು. ಪತ್ತೆ ಹಚ್ಚಲು ಎಷ್ಟು ಹೊತ್ತು ಬೇಕಾಯಿತು ಗೊತ್ತೇ? ಚಹಾ ಅಂಗಡಿಯವನಿಗೆ ಒಂದು ಮಾತು ಕೇಳುವಷ್ಟು. "ಬನವಾಸಿ ಬದಿಯ ಚೌಡನಾ? ಮೇಲಿನ ಕೂಪಿನಲ್ಲಿ ಗರಗಸ ಎಳೀತಿದ್ದಾನೆ" ಎಂದ. ಚೌಡ ಮೈತುಂಬ ಮರದ ಹುಡಿ ಹೊತ್ತು ಬಂದ, ನನ್ನನ್ನು ನೋಡಿದ, ಎರಡೂ ಕೈಯ ಹೆಬ್ಬೆಟ್ಟುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. "ಮಸಿ ಡಬ್ಬಿ ಎಲ್ಲೈತಿ ಸಣ್ಣವ್ವಾ? ಅಣ್ಣ ಬಂದು ಆಗಲಿಲ್ಲ ಅಂತ ತಂಗೀನ್ನ ಕಳಿಸ್ಯಾರೇನು?" ಅವ್ವಾ, ಆ ಮಾತು ಕೇಳಿ ನಾನು ನಾಚಿದೆ. ಆದರೆ ಅದರಲ್ಲಿಯೇ ನನಗೆ ಬೇಕಾದದ್ದೂ ಸಿಕ್ಕಿತು. ದೀಪಾವಳಿಯ ಮರುದಿನ ಅಣ್ಣನೇ ಗದ್ದೆಗೆ ಹೋಗಿ, ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತು ಎಂದಿದ್ದನಂತೆ. ಇವನು ಒಲ್ಲೆ ಎಂದನಂತೆ. ದೀಪಾವಳಿಗೆ ಮಾತಾಡಿಸಿದವನನ್ನು ಜನವರಿಯಲ್ಲಿ ಹತ್ತು ವರ್ಷದಿಂದ ಕಾಣೆ ಎಂದು ಬರೆಸಿದ್ದಾನೆ ನಿನ್ನ ಮಗ. ಕೂಪಿಗೆ ಹೋಗುವ ತಿಂಗಳು ಕಾದು, ಯುಗಾದಿಗೆ ಬರುವ ಮುಂಚೆ ಖರೀದಿ ಮುಗಿಸುವ ಲೆಕ್ಕ.

ಬರುತ್ತೀಯಾ ಎಂದು ಕೇಳಿದೆ. ಕೂತು ಬೀಡಿ ಸೇದಿದ. "ಬರತೇನಿ. ಬಂದು ನಾನ ಚೌಡ ಅಂತ ನಿಂತರ, ನೀ ಬ್ಯಾರೆ ಚೌಡ ಅಂತಾರ. ಆವಾಗ ಯಾರು ಮಾತಾಡವ್ರು? ದೊಡ್ಡ ಧಣ್ಯಾರು ಹೋದ್ರು. ಬರದವ್ರೂ ಹೋದ್ರು" ಎಂದ. ಕಮಲಾಕರರಾಯರಿಗೆ ನಿನ್ನೆ ಇದನ್ನೇ ಕೇಳಿದೆ. ಮನೆಯ ಹಿರಿಯರೊಬ್ಬರು ಸಬ್ ರಜಿಸ್ಟ್ರಾರರ ಎದುರು ಇವನೇ ಅವನು ಎಂದು ಗುರುತಿಸಿದರೆ ಸಾಕು, ಖರೀದಿ ಅಲ್ಲಿಗೇ ನಿಲ್ಲುತ್ತದೆ, ಇಂಥ ಜಮೀನು ತಮ್ಮ ಕಕ್ಷಿದಾರರಿಗೂ ಬೇಡ ಎಂದರು. ಹಿರಿಯರು ಎಂದರೆ ಇನ್ನು ಯಾರು ಉಳಿದಿದ್ದಾರೆ, ನೀನಲ್ಲದೆ? ಕರಾರು ಓದಿದ ದಿನ ಜಗಲಿಯಲ್ಲಿ ನೀನಿದ್ದೆ. ಸುಬ್ಬಿಯ ಉಡಿಗೆ ಅಕ್ಕಿ, ಕೊಬ್ಬರಿ ಹಾಕಿದವಳು ನೀನು. ನಾನು ಹದಿನಾರು ವರ್ಷದವಳು, ಹೊಸ್ತಿಲಲ್ಲಿ ನಿಂತು ನೋಡಿದ್ದೇನೆ.

ಮಗ ಒಂದು ಕಡೆ, ಚೌಡ ಒಂದು ಕಡೆ ಎಂದು ನಿನಗೆ ಕಷ್ಟವಾಗುತ್ತದೆ, ಬಲ್ಲೆ. ಅಣ್ಣ ನಿನಗೆ ಅನ್ನ ಹಾಕುವವನು ಎನ್ನುತ್ತೀಯೆ. ಆ ಅನ್ನದ ಭತ್ತ ಯಾರು ಬೆಳೆದದ್ದು ಎಂದೂ ಒಮ್ಮೆ ಕೇಳಿಕೋ. ಹೆದರಿಕೆಯಾದರೆ ನನ್ನ ಮನೆ ಇದೆ, ನಿನ್ನ ಅಳಿಯ ತಾವಾಗಿಯೇ ಹೇಳಿದ್ದಾರೆ. ಪಾರವ್ವಾ, ನಿನಗೂ ಕಾಗದ ಬರುತ್ತದೆ, ಅದರ ಜೊತೆ ಖಣವೂ ಬರುತ್ತದೆ. ಖಣ ಇಟ್ಟುಕೋ, ಸಹಿ ಹಾಕಬೇಡ. ಕೂಸಿಗೆ ನನ್ನ ಮುತ್ತು. ನಿನ್ನ ಪಾದಕ್ಕೆ ಶರಣು.

ನಿನ್ನ ಮಗಳು,
ಗುರುಶಾಂತವ್ವ

ತಾ.ಕ.: ಅವ್ವಾ, ಇದನ್ನು ಮೇಲೆ ಬರೆಯಲು ಮೂರು ಸಲ ಹೋದೆ, ಕೈ ಬರಲಿಲ್ಲ. ಪಂಚನಾಮೆಯ ಕೊನೆಯ ಹಾಳೆಯಲ್ಲಿ ಚನ್ನಯ್ಯನ ಸಹಿಯ ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು ಇದೆ. ಪಕ್ಕದಲ್ಲಿ "ಮಯತ ಶಿವಲಿಂಗಪ್ಪನ ವಿಧವೆ, ಚೌಡ ಎಂಬಾತನನ್ನು ಹತ್ತು ವರ್ಷದಿಂದ ಕಂಡಿಲ್ಲವೆಂದು ಹೇಳಿಕೆ ಕೊಟ್ಟಿದ್ದು ನಿಜ" ಎಂದಿದೆ. ತೀರಿಕೊಂಡ ಅಪ್ಪನ ವಿಧವೆ ಎಂದರೆ ನೀನೇ. ಜನವರಿ ಎಂಟಕ್ಕೆ ನೀನು ಊರಿನಲ್ಲಿಯೇ ಇದ್ದೆ, ಹಾವೇರಿಗೆ ಹೋದದ್ದು ಸಂಕ್ರಾಂತಿ ಮುಗಿಸಿ. ಅಣ್ಣ ಬೇರೇನೋ ಹೇಳಿ ಖಾಲಿ ಹಾಳೆಯ ಮೇಲೆ ಒತ್ತಿಸಿಕೊಂಡನೋ, ಓದಿಸಿ ಕೇಳಿಯೇ ಒತ್ತಿದೆಯೋ, ನನಗೆ ಗೊತ್ತಿಲ್ಲ. ಕಾಗದದಲ್ಲಿ ಉತ್ತರ ಬರೆಸಬೇಡ, ಬಂದು ಬಾಯಿಂದ ಹೇಳು. ಚೌಡನಿಗೆ ಈ ಹಾಳೆಯ ವಿಷಯ ನಾನು ಹೇಳಿಲ್ಲ. ದೊಡ್ಡವ್ವ ಬಂದೇ ಬರುತ್ತಾರೆ ಎಂದು ನಂಬಿ ಅವನೂ ಸುಬ್ಬಿಯೂ ಬರುತ್ತಾರೆ. ಸಬ್ ರಜಿಸ್ಟ್ರಾರ್ ಕಚೇರಿ, ಶಿರಸಿ. ಸೋಮವಾರ, ಇದೇ ತಿಂಗಳು ಇಪ್ಪತ್ತೆರಡು, ಮುಂಜಾನೆ ಹನ್ನೊಂದು ಗಂಟೆ.